ಸುಣ್ಣದ ಹಣ ಯಾರದು?

ಬಾಡಿಗೆಯ ಹಣ ದುಡಿಮೆಯ ಹಣವೋ, ಕುಳಿತು ತಿನ್ನುವ ಹಣವೋ ಎಂಬ ಚರ್ಚೆ ಹಳೆಯದು. ನನಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ಅದಕ್ಕಿಂತ ಚಿಕ್ಕದಾದ, ಆದರೆ ನನ್ನ ಲೆಕ್ಕದ ಪುಸ್ತಕದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: ಬಾಡಿಗೆಯ ಮನೆಯ ಗೋಡೆಗೆ ಬಳಿಯುವ ಸುಣ್ಣದ ಹಣವನ್ನು ಯಾರು ಕೊಡಬೇಕು? (ಈಗ ಸುಣ್ಣವೆಲ್ಲಿ ಬಂತು, ಡಬ್ಬಿಯ ಬಣ್ಣ. ಹೆಸರು ಮಾತ್ರ ಉಳಿದಿದೆ.)

ಬೆಂಗಳೂರಿನಲ್ಲಿ ಮನೆ ಹಿಡಿದವರಿಗೆ ಈ ಪದ್ಧತಿ ಗೊತ್ತು. ಬರುವಾಗ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೊಡುವುದು ಇಲ್ಲಿ ಬಹುಕಾಲದ ರೂಢಿ; ಬಿಡುವಾಗ ಅದರಲ್ಲಿ ಒಂದು ತಿಂಗಳದನ್ನು ಸುಣ್ಣಬಣ್ಣಕ್ಕೆಂದು ಮನೆಯವರು ಹಿಡಿದುಕೊಳ್ಳುವುದೂ ರೂಢಿ. ಬಾಡಿಗೆಯವರು ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದಿರಲಿ, ಆ ಹಣ ಹೋಯಿತೆಂದೇ ಲೆಕ್ಕ. ಕರಾರು ಪತ್ರದಲ್ಲಿ ಬರೆದಿರುತ್ತದೆ, ಅವರು ರುಜು ಹಾಕಿರುತ್ತಾರೆ.

ಕರಾರು ಬಾಯಿಮುಚ್ಚಿಸುತ್ತದೆ, ನಿಜ. ಆದರೆ ಅಂಥ ಮಾತು ಕರಾರಿನಲ್ಲಿ ಇಲ್ಲದಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುವುದೇ ಬೇರೆ. ಬಾಡಿಗೆದಾರನು ಮನೆಯನ್ನು ತಾನು ಬಂದಾಗ ಇದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು. ನ್ಯಾಯವಾದ ಬಳಕೆಯಿಂದಾದ ಸವೆತಕ್ಕೆ ಮಾತ್ರ ಅವನು ಹೊಣೆಯಲ್ಲ. ಮೂರು ವರ್ಷ ಜನ ಬಾಳಿದ ಮನೆಯ ಗೋಡೆ ಮಾಸುತ್ತದೆ. ದಿನವೂ ಒಗ್ಗರಣೆ ಹಾಕಿದ ಅಡುಗೆಮನೆ ಜಿಡ್ಡು ಹಿಡಿಯುತ್ತದೆ. ನಾವು ತಿಂಗಳು ತಿಂಗಳೂ ಬಾಡಿಗೆ ತೆಗೆದುಕೊಳ್ಳುವುದು ಆ ಮಾಸುವಿಕೆಗೂ ಸೇರಿಯೇ ಅಲ್ಲವೆ?

ಇನ್ನು ತೆರಿಗೆಯ ಸಂಗತಿ. ಮನೆಯುಳ್ಳವರು ಇದನ್ನು ಬಾಯಿಬಿಟ್ಟು ಹೇಳುವುದು ಕಡಮೆ. 1922ರ ಆದಾಯ ತೆರಿಗೆ ಕಾಯಿದೆಯಲ್ಲಿಯೇ ಆರರಲ್ಲೊಂದು ಪಾಲನ್ನು ದುರಸ್ತಿಗೆಂದು ಬಿಟ್ಟುಕೊಡುತ್ತಿದ್ದರು. 2001ರ ಹಣಕಾಸು ಕಾಯಿದೆಯಿಂದ ಇಂಥ ವೆಚ್ಚಗಳಿಗೆಲ್ಲ ಒಟ್ಟಾಗಿ ನೂರಕ್ಕೆ 30 ಎಂದಾಯಿತು. ತಿಂಗಳಿಗೆ 12,000 ರೂಪಾಯಿ ಬರುವ ಮನೆಯೊಂದಿದೆ ಎನ್ನಿ. ವರ್ಷಕ್ಕೆ 1,44,000. ಅದರಲ್ಲಿ ಕಂದಾಯ ಕಟ್ಟಿದ್ದು 4,000 ಎಂದು ಕಳೆದರೆ 1,40,000. ಅದರ ನೂರಕ್ಕೆ 30, ಅಂದರೆ 42,000 ರೂಪಾಯಿ, ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ. ರಸೀತಿ ಕೇಳುವವರಿಲ್ಲ. ಸೋರುವ ನಲ್ಲಿಯನ್ನು ಸರಿಮಾಡಿಸಿದರೂ ಅಷ್ಟೆ, ಮಾಡಿಸದಿದ್ದರೂ ಅಷ್ಟೆ.

ಈಗ ಕೂಡಿಸಿ ನೋಡಿ. ಹೋಗುವವರಿಂದ ಸುಣ್ಣಕ್ಕೆ ಒಂದು ತಿಂಗಳ ಬಾಡಿಗೆ. ಅದೇ ಸುಣ್ಣದ ಹೆಸರಿನಲ್ಲಿ ಸರ್ಕಾರದಿಂದ ರಿಯಾಯಿತಿ. “ಹೊಸದಾಗಿ ಬಣ್ಣ ಹೊಡೆಸಿದ್ದೇವೆ” ಎಂದು ಬರುವವರಿಂದ ಹೆಚ್ಚಿನ ಬಾಡಿಗೆ. ಒಂದೇ ಸುಣ್ಣ ಮೂರು ಸಲ ಮಾರಾಟವಾಯಿತು. ಬಳಿದವನಿಗೆ ಮಾತ್ರ ಒಂದೇ ಸಲ ಕೂಲಿ. ಇದರ ಮೇಲೆ 1,20,000 ರೂಪಾಯಿ ಅಡ್ವಾನ್ಸಿಗೆ ನೂರಕ್ಕೆ 6ರಂತೆ ಬಡ್ಡಿ ಹಿಡಿದರೂ ವರ್ಷಕ್ಕೆ 7,200 ಆಗುತ್ತದೆ. ಅದು ಬಾಡಿಗೆಯವರಿಗೆ ಸೇರುವುದಿಲ್ಲ.

ನೆರೆಯ ಹಿರಿಯರೊಬ್ಬರ ಮುಂದೆ ಇದನ್ನು ಹೇಳಿದೆ. “ಮನೆ ನಾಲ್ಕು ತಿಂಗಳು ಖಾಲಿ ಬಿದ್ದರೆ ಯಾರು ಕೊಡುತ್ತಾರೆ ಸ್ವಾಮಿ?” ಎಂದರು. ಒಪ್ಪತಕ್ಕ ಮಾತೇ. ಎರಡು ಕೋಣೆಯ ಬಾಡಿಗೆಯಲ್ಲೇ ಸಂಸಾರ ತೂಗಿಸುವ ವಿಧವೆಯರಿದ್ದಾರೆ. ಅವರನ್ನು ಬಂಡವಾಳಗಾರರೆಂದು ಕರೆದರೆ ಆ ಮಾತಿಗೇ ಅವಮಾನ. ಆದರೆ ಖಾಲಿ ಬೀಳುವ ಭಯ ಬಾಡಿಗೆಯ ದರದಲ್ಲಿ ಸೇರಬೇಕಾದದ್ದು. ಮೂರು ವರ್ಷ ತಪ್ಪದೆ ಬಾಡಿಗೆ ಕೊಟ್ಟವನು ಖಾಲಿ ಮನೆಯ ನಷ್ಟವನ್ನೇಕೆ ತುಂಬಿಕೊಡಬೇಕು?

ಅವರ ಇನ್ನೊಂದು ಮಾತಿಗೆ ನನ್ನಲ್ಲಿ ಅಷ್ಟು ಸುಲಭದ ಉತ್ತರವಿರಲಿಲ್ಲ. ಅಡ್ವಾನ್ಸನ್ನು ಅವರು ಮಗಳ ಮದುವೆಗೆ ಖರ್ಚುಮಾಡಿದ್ದಾರೆ. ಮುಂದಿನವರು ಕೊಟ್ಟ ಮೇಲೆ ಹಿಂದಿನವರಿಗೆ ಕೊಡುತ್ತಾರೆ. “ನಾನೇನು ನುಂಗಿದೆನೆ?” ಎಂದರು. ನುಂಗಿಲ್ಲ. ಸಾಲ ತಂದ ಹಣವನ್ನು ಖರ್ಚುಮಾಡುವುದು ತಪ್ಪಲ್ಲ. ಆದರೆ ಈ ಸಾಲವನ್ನು ತೀರಿಸುವ ದಿನವನ್ನು ಗೊತ್ತುಮಾಡುವವನು ಬಾಡಿಗೆದಾರ. ಅವನು ಆ ದಿನವೇ ಇನ್ನೊಂದು ಮನೆಗೆ ಅಡ್ವಾನ್ಸ್ ಕೊಡಬೇಕಾಗಿರುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು, ಬೀಗದ ಕೈ ಪಡೆದ ದಿನವೇ ಅದನ್ನು ಹಿಂದಿರುಗಿಸಬೇಕು ಎಂದಿದೆ. ಇದನ್ನು ಓದಿ ಹೇಳಿದಾಗ ಅವರು ಮಾತು ಬದಲಿಸಿ ಕಾಫಿ ತರಿಸಿದರು.

ನನ್ನ ಪುಸ್ತಕದಲ್ಲಿ ಮೂರು ಕಲಮುಗಳಿವೆ. ಅಡ್ವಾನ್ಸ್ ಒಂದರಲ್ಲಿ, ಅದು ಬ್ಯಾಂಕಿನಲ್ಲೇ ಇರುತ್ತದೆ. ಬಾಡಿಗೆಯಲ್ಲಿ ಮನೆಗೆಂದು ತೆಗೆದಿಟ್ಟದ್ದು ಎರಡನೆಯದರಲ್ಲಿ. ಸುಣ್ಣ, ನಲ್ಲಿ, ತಾರಸಿ ಎಲ್ಲ ಅದರಲ್ಲೇ ನಡೆಯಬೇಕು. ಉಳಿದದ್ದು ನನ್ನದು. ಹಿಂದಿನ ಎರಡು ಸಂಸಾರಗಳಿಂದ ಸುಣ್ಣಕ್ಕೆ ಏನನ್ನೂ ಹಿಡಿಯಲಿಲ್ಲ. ಬೀದಿಯ ಪದ್ಧತಿ ಕೆಡಿಸುತ್ತಿದ್ದೇನೆಂದು ಹಿರಿಯರ ದೂರು.

ಒಂದು ತೊಡಕು ಮಾತ್ರ ಬಿಡಿಸಿಲ್ಲ. ಮಗುವೊಂದು ಬಣ್ಣದ ಕಡ್ಡಿಯಿಂದ ಗೋಡೆಯ ತುಂಬ ಆನೆ ಬರೆದರೆ ಅದು ಸವೆತವೋ, ನಷ್ಟವೋ? ಸದ್ಯಕ್ಕೆ ಮೇಲಿನ ಮನೆಯಲ್ಲಿ ಮಕ್ಕಳಿಲ್ಲ. ಮುಂದಿನ ತಿಂಗಳು ಬರುವವರಿಗೆ ಇಬ್ಬರಿದ್ದಾರಂತೆ.