ಮಗುವಿನ ಮುನಿಸು

ಬಸವಣ್ಣನವರು ಹೇಳಿದ ಸಪ್ತಶೀಲಗಳಲ್ಲಿ ಮುನಿಸನ್ನು ತೊರೆಯಬೇಕೆಂಬುದೂ ಒಂದು. ಇದನ್ನು ಮಕ್ಕಳಿಗೆ ಕಲಿಸದ ಶರಣರ ಮನೆ ವಿರಳ. ಆದರೆ ಕಲಿಸುವ ಬಗೆಯು ವಿಚಾರಾರ್ಹವಾಗಿದೆ. ಹಟ ಹಿಡಿದ ಕೂಸಿನ ಕಿವಿ ಹಿಂಡಿ, ಕಣ್ಣು ಕೆಂಪಗೆ ಮಾಡಿ, "ಸಿಟ್ಟು ಮಾಡಬ್ಯಾಡ" ಎಂದು ಗದರುವ ಹಿರಿಯರಿಂದ ಆ ಕೂಸು ಕಲಿಯುವುದೇನು? ಸಿಟ್ಟು ದೊಡ್ಡವರ ಸೊತ್ತು, ಸಣ್ಣವರಿಗೆ ಅದರ ಅಧಿಕಾರವಿಲ್ಲ ಎಂಬುದನ್ನಷ್ಟೆ. ಶರಣರಾದರೋ ಆ ನಿಷೇಧವನ್ನು ಮೊದಲು ತಮಗೆ ವಿಧಿಸಿಕೊಂಡವರು.

ಹಾಗಾದರೆ ಮಗು ಮುನಿಯಲೇಬಾರದೆ? ಮುನಿಸು ಹುಟ್ಟುವುದು ಅಪರಾಧವಲ್ಲ; ಅದು ಕೈಗಿಳಿದು ತಮ್ಮನನ್ನು ಬಡಿದರೆ ಅಪರಾಧ. ಇವೆರಡರ ನಡುವಣ ಗಳಿಗೆಯಲ್ಲಿಯೇ ಹಿರಿಯರ ಕೆಲಸವಿರುವುದು. ಅಕ್ಕಮಹಾದೇವಿಯ ವಚನವೊಂದು ಇಲ್ಲಿ ನೆನಪಿಗೆ ಬರುತ್ತದೆ. ಹಸಿವು, ನಿದ್ರೆ, ಕ್ರೋಧ, ಮತ್ಸರಗಳನ್ನು ಆಕೆ ಒಂದೊಂದಾಗಿ ಹೆಸರು ಹಿಡಿದು ಕರೆದು, ತಾನು ದೇವರ ತುರ್ತಿನ ಓಲೆಯನ್ನು ಒಯ್ಯುತ್ತಿರುವುದರಿಂದ ತಡೆದು ನಿಲ್ಲಬೇಕೆನ್ನುತ್ತಾಳೆ. ಅವನ್ನು ಇಲ್ಲವೆನ್ನುವುದಿಲ್ಲ, ಶಪಿಸುವುದೂ ಇಲ್ಲ. ಹೆಸರು ತಿಳಿದವನಿಗೆ ಮಾತ್ರವೇ ಹೀಗೆ ನಿಲ್ಲಿಸುವುದು ಸಾಧ್ಯ.

ಆ ಹೆಸರುಗಳನ್ನು ಕೂಸು ಎಲ್ಲಿ ಕಲಿಯಬೇಕು? ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ ಮೊದಲಾದವರು ಈ ಸೀಮೆಯ ಹೆಂಗಸರ ಬಾಯಿಂದ ಬರೆದುಕೊಂಡ ಹಾಡುಗಳು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚಾದವು. ಬೀಸುವ ಕಲ್ಲಿನ ಮುಂದೆ ತವರಿನ ಹಂಬಲಕ್ಕೆ, ಬಂಜೆತನದ ನೋವಿಗೆ, ಕಂದನ ಅಕ್ಕರೆಗೆ ಮಾತು ಸಿಕ್ಕುತ್ತಿತ್ತು. ತೊಡೆಯ ಮೇಲಿನ ಕೂಸು ಅದನ್ನು ಕೇಳುತ್ತಿತ್ತು. ಹಿಟ್ಟಿನ ಗಿರಣಿ ಬಂದು ರಟ್ಟೆಗಳಿಗೆ ಸುಖವಾಯಿತು. ಅದಕ್ಕಾಗಿ ಮರುಗಬೇಕಾದುದಿಲ್ಲ, ಆ ಪಾಠಕ್ಕೆ ಮಾತ್ರ ಬೇರೊಂದು ಹೊತ್ತನ್ನು ಹುಡುಕಬೇಕಾಗಿದೆ.

ಏಕೆಂದರೆ ಅದರ ಅಗತ್ಯ ಇನ್ನೂ ಹೋಗಿಲ್ಲ. ಕಬ್ಬು ಕಡಿಯುವ ಹಂಗಾಮಿನಲ್ಲಿ ವಿಜಯಪುರ ಜಿಲ್ಲೆಯ ಎಷ್ಟೋ ಕುಟುಂಬಗಳು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತವೆ. ಕೆಲವರ ಮಕ್ಕಳು ಅಜ್ಜಿಯ ಬಳಿ ಊರಲ್ಲೇ ಉಳಿಯುತ್ತಾರೆ. ಅಂಥ ಹುಡುಗನೊಬ್ಬ ಗೆಳೆಯನ ಪುಸ್ತಕ ಹರಿದರೆ ಹೊರಗೆ ಕಾಣುವುದು ಸಿಟ್ಟು. ಒಳಗಿರುವುದು ಅವ್ವನ ಹಂಬಲ. ಹೆಸರು ದೊರೆಯದ ಹಂಬಲವು ಸಿಟ್ಟಿನ ವೇಷ ತೊಟ್ಟಿದೆ. ಏಟು ಕೊಟ್ಟರೆ ವೇಷವೇ ಗಟ್ಟಿಯಾದೀತು. "ಅವ್ವನ ನೆನಪಾತೇನೊ?" ಎಂದು ಕೇಳಿದರೆ ಅವನು ಅತ್ತಾನು, ಅತ್ತ ಮೇಲೆ ಹರಿದ ಪುಸ್ತಕದ ಮಾತು. ಅದನ್ನು ಬಿಡುವಂತಿಲ್ಲ, ತಪ್ಪು ತಪ್ಪೇ.

ರಾತ್ರಿ ಅವ್ವನ ಫೋನು ಬಂದಾಗ ಹುಡುಗನು ಮಾತನಾಡಲೊಲ್ಲೆನೆಂದರೆ, ಅಜ್ಜಿಯು ಅದನ್ನು ಅವನ ಕಿವಿಗೆ ಒತ್ತದೆ, ಅವನಿಗೆ ಕೇಳಿಸುವಂತೆ ಮಗಳಿಗೆ ಹೇಳಬಹುದು: "ಅವಂಗ ನಿನ್ನ ಮ್ಯಾಲ ಸಿಟ್ಟು ಬಂದೈತಿ. ನಾಳೆ ಮಾತಾಡ್ತಾನ."