ಪಣದ ಮಿತಿಯೂ ಪರಿಗ್ರಹದ ಪರಿಮಾಣವೂ

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತವನ್ನೇ ಮೊದಲು ಹೇಳುವುದು ವಾಡಿಕೆ. ಆದರೂ ಭಗವಾನ್ ಮಹಾವೀರರ ನಿರ್ವಾಣದ ದಿನವಾದ ದೀಪಾವಳಿಯಂದೇ ಇಸ್ಪೀಟು ಹಿಡಿಯುವ ರೂಢಿ ಬಳ್ಳಾರಿ ಸೀಮೆಯಲ್ಲಿ ಉಳಿದುಬಂದಿದೆ. ಬೆಳಗ್ಗೆ ನಿರ್ವಾಣಪೂಜೆ ನಡೆದ ಮನೆಯಲ್ಲಿಯೇ ರಾತ್ರಿ ಎಲೆ ಹಂಚುವುದುಂಟು. ಕಂಟೋನ್ಮೆಂಟಿನಂಥ ಬಡಾವಣೆಗಳ ತರುಣರಿಗೆ ಅಂದರ್-ಬಾಹರ್ ಹಳತಾಗಿ, ಮೊಬೈಲ್ ಕಲಿಸಿದ ಪೋಕರ್ ರುಚಿಸತೊಡಗಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕವು 2021ರಲ್ಲಿ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ-ಅದೃಷ್ಟಗಳ ಭೇದವನ್ನೇ ಬದಿಗಿಟ್ಟು ನಿಷೇಧದ ಕಾಯಿದೆ ಮಾಡಿತು. ಮನೆಯ ಜಮಖಾನೆಯ ಮೇಲಿನ ಆಟಕ್ಕೆ ಮಾತ್ರ ತರುಣರ ಸಮರ್ಥನೆ ಬೇರೆ: “ಅಜ್ಜಾ, ಇದಕ್ಕೆ ಮಿತಿ ಇದೆ.”

ಮಿತಿ ಇರುವುದು ನಿಜ. ಆಟ ಆರಂಭವಾದಾಗ ಮುಂದಿಟ್ಟ ಹಣವನ್ನಷ್ಟೇ ಆ ಸುತ್ತಿನಲ್ಲಿ ಒಡ್ಡಬಹುದು. ನಡುವೆ ಜೇಬಿಗೆ ಕೈ ಹಾಕುವಂತಿಲ್ಲ. ಒಬ್ಬನ ಬಳಿ 1,000 ರೂಪಾಯಿ, ಇನ್ನಿಬ್ಬರ ಬಳಿ ತಲಾ 3,000 ಇದ್ದು, ಮೂವರೂ ಸರ್ವಸ್ವವನ್ನೂ ಒಡ್ಡಿದರೆನ್ನಿ. ಮೂವರ ಸಮಪಾಲಿನ 3,000ಕ್ಕೆ ಮಾತ್ರ ಮೊದಲನೆಯವನು ಬಾಧ್ಯಸ್ಥ. ಉಳಿದ 4,000 ಬೇರೆ ಗುಡ್ಡೆಯಾಗಿ ಉಳಿದಿಬ್ಬರ ನಡುವೆಯೇ ತೀರ್ಮಾನವಾಗುತ್ತದೆ. ಎದುರಾಳಿ ಸರಿಗಟ್ಟಲಾರದ ಹಣ ಒಡ್ಡಿದವನಿಗೇ ಹಿಂತಿರುಗುತ್ತದೆ. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಹಸ್ತಿನಾವತಿಯ ಸಭೆಯಲ್ಲಿ ಇಂಥ ನಿಯಮವಿದ್ದಿದ್ದರೆ ಧರ್ಮರಾಯನ ತಮ್ಮಂದಿರೂ ದ್ರೌಪದಿಯೂ ಪಣವಾಗುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಹಾಗಾದರೆ ಇದು ಪರಿಗ್ರಹ ಪರಿಮಾಣ ಅಣುವ್ರತಕ್ಕೆ ಸಮೀಪವೇ? ಮೇಲುನೋಟಕ್ಕೆ ಹಾಗೆ ತೋರುತ್ತದೆ. ಎರಡರಲ್ಲಿಯೂ ಎಲ್ಲೆಯನ್ನು ಮುಂಚಿತವಾಗಿಯೇ ಕಟ್ಟಿಕೊಳ್ಳಲಾಗುತ್ತದೆ. ಆದರೆ ಎಲ್ಲೆಯ ಮುಖ ಎತ್ತ ಎಂಬುದನ್ನು ನೋಡಬೇಕು. ವ್ರತಿಯು ತಾನು ಇಷ್ಟಕ್ಕಿಂತ ಹೆಚ್ಚು ಹೊಂದಲಾರೆನೆಂದು ಗಳಿಕೆಗೆ ಮಿತಿ ಹಾಕುತ್ತಾನೆ. ಆಟಗಾರನು ಇಷ್ಟಕ್ಕಿಂತ ಹೆಚ್ಚು ಕಳೆದುಕೊಳ್ಳಲಾರೆನೆಂದು ನಷ್ಟಕ್ಕೆ ಮಿತಿ ಹಾಕುತ್ತಾನೆ. ಗಳಿಕೆಯ ಆಸೆಯ ಬಾಗಿಲು ತೆರೆದೇ ಇರುತ್ತದೆ. ಮೇಲಾಗಿ ಆ ಮಿತಿಯ ಆಯುಷ್ಯ ಒಂದೇ ಸುತ್ತು. ಸೋತವನು ಮತ್ತೊಮ್ಮೆ ಹಣ ತಂದಿಟ್ಟು ಕೂರಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಅತಿಚಾರಗಳನ್ನು ಹೇಳುವಾಗ ವಿಸ್ಮಯ ಮತ್ತು ಲೋಭಗಳನ್ನು ಸೇರಿಸಿರುವುದು ಗಮನಾರ್ಹ. ಪರರ ಲಾಭವನ್ನು ಕಂಡು ಕುದಿಯುವುದು, ದಕ್ಕಿದ ಮೇಲೂ ಇನ್ನಷ್ಟು ಬಯಸುವುದು: ಈ ಎರಡಿಲ್ಲದೆ ಆ ಆಟ ಒಂದು ಗಳಿಗೆಯೂ ನಡೆಯದು.

ತರುಣರ ಮರುಪ್ರಶ್ನೆ ಹರಿತವಾದುದು: ಹತ್ತಿಯ ವ್ಯಾಪಾರಿಯೂ ಬಂಡವಾಳವನ್ನು ಒಡ್ಡುವುದಿಲ್ಲವೇ? ಒಡ್ಡುತ್ತಾನೆ. ಆದರೆ ಅವನಿಗೆ ನಷ್ಟವಾದರೂ ರೈತನಿಗೆ ಬೆಲೆ ಸಂದಿರುತ್ತದೆ, ಗಿರಣಿಗೆ ಅರಳೆ ಮುಟ್ಟಿರುತ್ತದೆ. ಪೋಕರಿನಲ್ಲಿ ಒಬ್ಬನ ಲಾಭವೆಂದರೆ ಮತ್ತೊಬ್ಬನ ನಷ್ಟವೇ. ಸರಕನ್ನು ಕಣ್ಣಿಂದಲೂ ಕಾಣದೆ ಬೆಲೆಯ ಏರಿಳಿತದ ಮೇಲೆಯೇ ಹಣ ಕಟ್ಟುವ ಸಟ್ಟಾ ವ್ಯಾಪಾರಿಗೆ ಮಾತ್ರ ಈ ಭೇದವನ್ನು ಹೇಳುವ ಅಧಿಕಾರವಿಲ್ಲ. ದೀಪಾವಳಿಯಂದು ಹೊಸ ಖಾತೆ ಪುಸ್ತಕಕ್ಕೆ ಕುಂಕುಮವಿಡುವಾಗ, ಆ ಲಾಭವನ್ನು ಯಾವ ಬಾಬಿನಲ್ಲಿ ಬರೆಯುವಿರೆಂದು ಮೊಮ್ಮಗನು ಕೇಳಿದರೆ ಅಂಥ ಹಿರಿಯನು ನಿರುತ್ತರನಾಗಬೇಕಾಗುತ್ತದೆ.