ಏಳನೆಯ ಸಾಕ್ಷಿ

ಗುಮಾಸ್ತನಿಗೂ ವೈದ್ಯಕೀಯ ಸಂಶೋಧನೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವೇನೂ ಇಲ್ಲ. ಬಿ.ಎಸ್ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕುರ್ಚಿ ಹಿಡಿದ ಮೇಲೆ ವಿಜ್ಞಾನವೆಂಬುದು ನನಗೆ ಮಕ್ಕಳ ಪಠ್ಯಪುಸ್ತಕದಲ್ಲಿ ಆಗೊಮ್ಮೆ ಈಗೊಮ್ಮೆ ಎದುರಾಗುವ ಹಳೆಯ ಪರಿಚಯಸ್ಥ, ಅಷ್ಟೆ. ಆದರೆ ಧಾರಾವಿಯ ನಮ್ಮ ಗಲ್ಲಿಯಲ್ಲಿ ಅರ್ಜಿ ಬರೆಯುವವನು, ಫಾರ್ಮು ತುಂಬುವವನು ನಾನೇ. ಹೀಗಾಗಿ ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಡಾಕ್ಟರ್ ಹುಡುಗಿಯೂ ತನ್ನ ಕಾಗದಪತ್ರ ಹಿಡಿದು ನನ್ನ ಬಳಿಗೇ ಬಂದಳು. ಕಲಬುರ್ಗಿ ಕಡೆಯ ಮನೆತನ. ತಂದೆ ಚರ್ಮದ ಚೀಲ ಹೊಲಿಯುವವರು. ಎಂ.ಡಿ. ಓದುತ್ತ ಕ್ಷಯರೋಗದ ಬಗ್ಗೆ ಲೇಖನವೊಂದನ್ನು ಬರೆದಿದ್ದಳು. ಪತ್ರಿಕೆಯವರು ಅದನ್ನು ಹಿಂದಕ್ಕೆ ಕಳಿಸಿದ್ದರು. ವಿಷಯ ಸರಿಯಿಲ್ಲವೆಂದಲ್ಲ, ಕೊನೆಯಲ್ಲಿ ಕೊಟ್ಟ ಆಧಾರಗಳ ಪಟ್ಟಿ ನಿಯಮದಂತಿಲ್ಲವೆಂದು.

"ಕಾಕಾ, ನೀವು ಬರೇ ಚುಕ್ಕಿ, ಕಾಮಾ ನೋಡ್ರಿ, ಸಾಕು. ನಾಡಿದ್ದು ಕಳಸಬೇಕು," ಎಂದಳು.

ಈ ಚುಕ್ಕಿ ಕಾಮಾಗಳಿಗೂ ಒಂದು ಚರಿತ್ರೆಯಿದೆ. ಹಿಂದೆ ಪ್ರತಿಯೊಂದು ವೈದ್ಯ ಪತ್ರಿಕೆಗೂ ತನ್ನದೇ ಒಂದು ಕ್ರಮ. ಒಂದು ಪತ್ರಿಕೆ ಲೇಖನವನ್ನು ತಿರಸ್ಕರಿಸಿದರೆ ಇನ್ನೊಂದಕ್ಕಾಗಿ ಇಡೀ ಪಟ್ಟಿಯನ್ನು ಮತ್ತೆ ಟೈಪು ಮಾಡಬೇಕು. 1978ರಲ್ಲಿ ಕೆಲವು ಸಂಪಾದಕರು ಕೆನಡಾದ ವ್ಯಾಂಕೂವರ್ ನಗರದಲ್ಲಿ ಕೂಡಿ ಎಲ್ಲರಿಗೂ ಒಪ್ಪುವ ಒಂದು ಕ್ರಮವನ್ನು ನಿಶ್ಚಯಿಸಿದರು. ಮರುವರ್ಷ ಅದು ಪ್ರಕಟವಾಯಿತು. ಲೇಖನದಲ್ಲಿ ಆಧಾರಗಳು ಬರುವ ಕ್ರಮದಲ್ಲೇ ಅಂಕಿ. ಅದೇ ಆಧಾರ ಮತ್ತೆ ಬಂದರೆ ಅದೇ ಅಂಕಿ. ಮೊದಲು ಮನೆತನದ ಹೆಸರು, ಬಳಿಕ ಚುಕ್ಕಿಯಿಲ್ಲದ ಮೊದಲಕ್ಷರಗಳು. ಲೇಖಕರು ಆರಕ್ಕಿಂತ ಹೆಚ್ಚಾದರೆ ಆರು ಮಂದಿಯನ್ನು ಹೆಸರಿಸಿ ಉಳಿದವರನ್ನು 'ಇತರರು' ಎಂಬ ಚೀಲಕ್ಕೆ ತುಂಬಬೇಕು. (ಏಳನೆಯವನ ಸಂಕಟವನ್ನು ಯಾರೂ ಕೇಳುವುದಿಲ್ಲ.) ಆಮೇಲೆ ಪತ್ರಿಕೆಯ ಮೊಟಕು ಹೆಸರು, ವರ್ಷ, ಸಂಪುಟ, ಪುಟ.

ನನಗೆ ಇದೇನೂ ಹೊಸತೆನಿಸಲಿಲ್ಲ. ನಮ್ಮ ಕಚೇರಿಯ ಫೈಲಿನಲ್ಲಿ ಒಂದು ಭಾಗ ಟಿಪ್ಪಣಿ, ಇನ್ನೊಂದು ಭಾಗ ಪತ್ರವ್ಯವಹಾರ. ಟಿಪ್ಪಣಿಯಲ್ಲಿ 'ಹಿಂದೆ ಹೀಗೆ ಮಂಜೂರಾಗಿದೆ' ಎಂದು ಬರೆದರೆ ಅಂಚಿನಲ್ಲಿ ಆ ಪತ್ರದ ಪುಟಸಂಖ್ಯೆ ಬರೆದು, ಪುಟಕ್ಕೊಂದು ಚೀಟಿ ಸಿಕ್ಕಿಸಬೇಕು. ಮೇಲಿನವರು ಚೀಟಿ ಇದೆಯೇ ಎಂದು ನೋಡುತ್ತಾರೆ. ಚೀಟಿ ಹಿಡಿದು ಪುಟ ತೆರೆದು ಓದುವವರು ವಿರಳ. ಇದನ್ನು ಅರಿತ ಗುಮಾಸ್ತ ಏನೇನು ಮಾಡಬಲ್ಲನೆಂಬುದನ್ನು ಇಲ್ಲಿ ಬರೆಯುವುದು ಬೇಡ.

ಪಟ್ಟಿಯ ಏಳನೆಯ ಆಧಾರಕ್ಕೆ ಪುಟಸಂಖ್ಯೆ ಇರಲಿಲ್ಲ. ಹುಡುಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್, 1963, ಸಂಪುಟ 29, ಪುಟ 665ರಿಂದ 683. ಲೇಖಕರು ಬ್ಯಾನರ್ಜಿ ಮತ್ತು ಆಂಡರ್ಸನ್. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿದ್ದವರು. ಅಷ್ಟಕ್ಕೆ ಮುಚ್ಚಿಡಬಹುದಿತ್ತು. ಆದರೆ ಅಭ್ಯಾಸ ನಡೆದದ್ದು ತುಮಕೂರು ಜಿಲ್ಲೆಯಲ್ಲಿ ಎಂದು ಕಂಡಿತು. ಮುಂಬಯಿಯಲ್ಲಿ ಕುಳಿತವನಿಗೆ ಊರ ಕಡೆಯ ಹೆಸರು ಕಂಡರೆ ಕಣ್ಣು ನಿಲ್ಲುತ್ತದೆ. ಓದಿದೆ.

ಹುಡುಗಿಯ ಲೇಖನದಲ್ಲಿ ಏಳು ಎಂಬ ಅಂಕಿ ನಿಂತಿದ್ದ ವಾಕ್ಯದ ಭಾವ ಇದು: ಬಡ ಜನ ಕೆಮ್ಮನ್ನು ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ, ತಾವಾಗಿ ಆಸ್ಪತ್ರೆಗೆ ಬರುವುದಿಲ್ಲ. ತುಮಕೂರಿನ ಅಭ್ಯಾಸ ಹೇಳುವುದು ಹೆಚ್ಚುಕಡಿಮೆ ಇದಕ್ಕೆ ವಿರುದ್ಧ. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು ಜ್ವರಗಳ ಅರಿವಿತ್ತು. ಹೆಚ್ಚಿನವರಿಗೆ ಚಿಂತೆಯೂ ಇತ್ತು. ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅಂಥವರ ಕೈಗೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಲಾಗುತ್ತಿತ್ತು. ತಾವಾಗಿ ಬರುವವರನ್ನೇ ಸರಿಯಾಗಿ ಪರೀಕ್ಷಿಸಿದರೆ ಎಷ್ಟೋ ಕೆಲಸವಾಗುತ್ತದೆಂಬ ಇಂಥ ತಿಳಿವಳಿಕೆಯ ಮೇಲೆಯೇ 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತದ್ದು.

ಬಾಟಲಿಯ ವಿಷಯ ನನಗೆ ಗೊತ್ತು. ನಮ್ಮ ಅಪ್ಪ ಮೂರು ಸಲ ದವಾಖಾನೆಗೆ ಹೋಗಿ ಮೂರು ಸಲವೂ ಕೆಂಪು ಬಾಟಲಿ ತಂದಿದ್ದರು. ಕಫ ಪರೀಕ್ಷೆಯಾಗುವ ಹೊತ್ತಿಗೆ ಒಂದು ಶ್ವಾಸಕೋಶ ಹಾಳಾಗಿತ್ತು. ಅಲಕ್ಷ್ಯ ಮಾಡಿದ್ದು ಅಪ್ಪ ಅಲ್ಲ.

ಆದರೂ ಆ ರಾತ್ರಿ ನಾನು ಸುಮ್ಮನಿದ್ದೆ. ಕೇಳಿದ್ದು ಚುಕ್ಕಿ ಕಾಮಾ, ಎಂ.ಡಿ. ಓದುವವಳಿಗೆ ಬುದ್ಧಿ ಹೇಳಲು ನಾನು ಯಾರು? ನಮ್ಮ ಗಲ್ಲಿಯ ಮೊದಲ ಡಾಕ್ಟರ್ ಅವಳು. ಅವಳ ಲೇಖನ ನನ್ನಿಂದ ತಡವಾಗಬೇಕೆ? ಇಂಥ ಸೌಜನ್ಯದಲ್ಲಿ ಹೇಡಿತನ ಎಷ್ಟು ಪಾಲು ಎಂಬುದನ್ನು ಅಳೆಯುವ ತಕ್ಕಡಿ ನನ್ನ ಬಳಿ ಇಲ್ಲ. ಬೆಳಿಗ್ಗೆ ಕೇಳಿಯೇ ಬಿಟ್ಟೆ.

"ಇದನ್ನ ಓದೀಯೇನವ್ವಾ?"

"ಇಲ್ಲ ಕಾಕಾ. ಇನ್ನೊಂದು ಲೇಖನದಾಗ ಹಿಂಗ ಹಾಕಿದ್ರು, ಅಲ್ಲಿಂದ ತಗೊಂಡೆ. ಎಲ್ಲಾರೂ ಹಂಗೇ ಮಾಡ್ತಾರ್ರೀ."

ಇದು ಸುಳ್ಳೇ? ಅವಳು ಸುಳ್ಳು ಹೇಳಿರಲಿಲ್ಲ. ಓದಿದವರೊಬ್ಬರು ಇದ್ದಾರೆಂದು ನಂಬಿದ್ದಳು. ಅವಳು ನಂಬಿದವರೂ ಇನ್ನಾರನ್ನೋ ನಂಬಿರಬೇಕು. ಈ ನಂಬಿಕೆಯ ಸರಪಳಿ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಅಮೆರಿಕದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪೋರ್ಟರ್ ಮತ್ತು ಜಿಕ್ ಎಂಬವರ ಐದೇ ವಾಕ್ಯಗಳ ಪತ್ರ ಅಚ್ಚಾಯಿತು: ಆಸ್ಪತ್ರೆಯಲ್ಲಿದ್ದಾಗ ಅಫೀಮಿನ ಜಾತಿಯ ನೋವುನಿವಾರಕ ಪಡೆದ 11,882 ರೋಗಿಗಳಲ್ಲಿ ಚಟ ಹತ್ತಿದ್ದು ನಾಲ್ವರಿಗೆ ಮಾತ್ರ. 2017ರಲ್ಲಿ ಅದೇ ಪತ್ರಿಕೆಯಲ್ಲಿ ಕೆಲವರು ಲೆಕ್ಕ ಕೊಟ್ಟರು: ಆ ಪತ್ರವನ್ನು 608 ಕಡೆ ಆಧಾರವಾಗಿ ಕೊಟ್ಟಿದ್ದಾರೆ, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ 'ಆಸ್ಪತ್ರೆಯಲ್ಲಿದ್ದಾಗ' ಎಂಬ ಮಾತನ್ನೇ ಬಿಟ್ಟಿದ್ದಾರೆ. ಮನೆಗೆ ಒಯ್ದು ತಿಂಗಳುಗಟ್ಟಲೆ ನುಂಗಿದವರ ಗತಿ ಏನಾಯಿತೆಂಬುದು ಈಗ ಲೋಕಕ್ಕೇ ಗೊತ್ತು.

ಹಾಗೆಂದು ಎಲ್ಲವನ್ನೂ ತಾನೇ ಓದಿ ಪರೀಕ್ಷಿಸುವೆನೆಂದರೆ ಯಾರ ಬಾಳೂ ಸಾಲದು. ಕವಿರಾಜಮಾರ್ಗದಲ್ಲಿ ದುರ್ವಿನೀತ, ನಾಗಾರ್ಜುನ, ಜಯಬಂಧು ಎಂಬ ಗದ್ಯಕಾರರ ಹೆಸರಿದೆ. ಅವರ ಕನ್ನಡ ಗದ್ಯ ನಮಗೆ ಸಿಕ್ಕಿಲ್ಲ. ಅಲ್ಲಿ ನಂಬದೆ ಗತ್ಯಂತರವಿಲ್ಲ. ತುಮಕೂರಿನ ಲೇಖನ ಹಾಗಲ್ಲ, ಫೋನಿನಲ್ಲಿ ಹತ್ತು ನಿಮಿಷಕ್ಕೆ ಸಿಕ್ಕಿತು. ಮೇಲಾಗಿ ನಂಬಿಕೆಗಳೆಲ್ಲ ಒಂದೇ ತೂಕದವಲ್ಲ. ಔಷಧವೊಂದು ಯಾವ ವರ್ಷ ಬಂತೆಂಬುದು ತಪ್ಪಾದರೆ ಯಾರ ಮಾನವೂ ಹೋಗದು. ಆದರೆ 'ಇವರು ಅಲಕ್ಷ್ಯಗಾರರು' ಎಂಬುದು ಆರೋಪ. ಆರೋಪಕ್ಕೆ ಒಳಗಾದವರು ಆ ಪತ್ರಿಕೆಯನ್ನು ಎಂದೂ ಓದಲಾರರು, ಸಂಪಾದಕರಿಗೆ ಪತ್ರ ಬರೆಯಲಾರರು. ಅಂಥಲ್ಲಿ ಸಾಕ್ಷಿಯ ಬಾಯಿಂದ ಅವನು ಹೇಳದ ಮಾತನ್ನು ಹೇಳಿಸಿದರೆ, ಪಾಟೀಸವಾಲು ಮಾಡುವ ವಕೀಲ ಎಲ್ಲಿಂದ ಬರಬೇಕು?

ಇದನ್ನೆಲ್ಲ ಅವಳಿಗೆ ಇಷ್ಟು ಚೆನ್ನಾಗಿ ಹೇಳಲಿಲ್ಲ. ಲೇಖನವನ್ನು ಕೈಗಿತ್ತೆ. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಳಿತು ಓದಿದಳು. ಬಹಳ ಹೊತ್ತಿನ ಮೇಲೆ, "ಈ ಮಾತು ನಮ್ಮ ಗೈಡ್ ಬರಿಸಿದ್ದು, ಕಾಕಾ," ಎಂದಳು. ಮತ್ತೆ, "ನಮ್ಮಪ್ಪನೂ ಇದನ್ನ ನಂಬ್ತಿದ್ನೋ ಏನೋ, ಅಚ್ಚಾಗಿದ್ದರ."

ಗೈಡನ್ನು ಹೇಗೆ ಕೇಳಿದಳೋ ತಿಳಿಯದು, ಕೇಳಿದ್ದಂತೂ ನಿಜ. ಸಂಜೆ ತಿದ್ದಿದ ಪ್ರತಿ ಬಂತು. ವಾಕ್ಯ ಪೂರ್ತಿ ಹೋಗಿರಲಿಲ್ಲ. 'ಬಡ ಜನ' ಇದ್ದಲ್ಲಿ 'ಕೆಲವು ರೋಗಿಗಳು' ಎಂದಾಗಿತ್ತು. ಏಳು ಎಂಬ ಅಂಕಿ ಹೋಗಿತ್ತು. ತುಮಕೂರಿನವರ ಮೇಲಿನ ಸುಳ್ಳು ಸಾಕ್ಷ್ಯ ತಪ್ಪಿತು, ಆದರೆ ಅವರು ನಿಜವಾಗಿ ಹೇಳಿದ ಮಾತೂ ಲೇಖನದಿಂದ ಹೊರಗೆ ಬಿತ್ತು. ಇದು ಒಳ್ಳೆಯದಾಯಿತೋ ಕೆಟ್ಟದ್ದೋ ಎಂದು ಈಗಲೂ ಯೋಚಿಸುತ್ತೇನೆ.

ಆ ರಾತ್ರಿ ಮಾತ್ರ ಯೋಚಿಸಲು ವ್ಯವಧಾನವಿರಲಿಲ್ಲ. ಒಂದು ಅಂಕಿ ತೆಗೆದರೆ ಮುಂದಿನದೆಲ್ಲ ಸರಿಯುತ್ತದೆ. ಎಂಟು ಏಳಾಯಿತು, ಒಂಬತ್ತು ಎಂಟಾಯಿತು, ಮೂವತ್ತೊಂದು ಮೂವತ್ತಾಯಿತು. ನಲ್ಲಿಗೆ ನೀರು ಬರುವ ಹೊತ್ತಿಗೆ ಮುಗಿಯಿತು.